ಈ ಸಂಖ್ಯೆ ಯಾರದು? ವಾಹಕತೆ ಮತ್ತು ಕೋಶ ವಿಭವದ ಲೆಕ್ಕಗಳು

ಪ್ರಶ್ನೆ: ಮೇಡಂ, ನಾನು ಸಾಗರ ತಾಲ್ಲೂಕಿನ ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಎಲೆಕ್ಟ್ರೋಕೆಮಿಸ್ಟ್ರಿ ಪಾಠ ಕೇಳುವಾಗ ಅರ್ಥವಾದಂತೆ ಇರುತ್ತದೆ. ಲೆಕ್ಕಕ್ಕೆ ಕುಳಿತರೆ ಉತ್ತರ ನೂರು ಪಟ್ಟು, ಸಾವಿರ ಪಟ್ಟು ತಪ್ಪಿರುತ್ತದೆ. ದ್ರಾವಣಕ್ಕೆ ನೀರು ಬೆರೆಸಿದರೆ ವಾಹಕತೆ ಇಳಿಯುತ್ತದೆ, ಮೋಲಾರ್ ವಾಹಕತೆ ಏರುತ್ತದೆ ಎನ್ನುತ್ತಾರೆ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ? ಇನ್ನೊಂದು ಸಂಶಯ: ಬೆಳ್ಳಿಯ ಸಮೀಕರಣವನ್ನು ಎರಡರಿಂದ ಗುಣಿಸಿದಾಗ 0.80 ವೋಲ್ಟ್ ವಿಭವವನ್ನು ಗುಣಿಸಬಾರದು, ಆದರೆ ಸಾರತೆಗೆ (ಕಾನ್ಸಂಟ್ರೇಶನ್) ತಕ್ಕಂತೆ ವಿಭವ ಲೆಕ್ಕ ಹಾಕುವ ನರ್ನ್‌ಸ್ಟ್ ಸಮೀಕರಣದಲ್ಲಿ ಬೆಳ್ಳಿಯ ಸಾರತೆಯನ್ನು ವರ್ಗ ಮಾಡಬೇಕು. ಇದು ಯಾವ ನ್ಯಾಯ? ಸೂತ್ರಗಳೆಲ್ಲ ನನಗೆ ಬಾಯಿಪಾಠವಾಗಿವೆ.

ಉತ್ತರ: ನನ್ನ ಮೊಮ್ಮಗಳ ವಯಸ್ಸಿನವಳು ನೀನು, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ನಿನ್ನ ಕೊನೆಯ ವಾಕ್ಯದಲ್ಲೇ ರೋಗದ ಗುರುತಿದೆ. ಈ ಅಧ್ಯಾಯದ ಸೂತ್ರಗಳು ಒಂದು ಅಂಗೈಯಲ್ಲಿ ಬರೆದುಕೊಳ್ಳುವಷ್ಟು ಕಡಿಮೆ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳು ನಾನು. ಸೂತ್ರ ತಪ್ಪಿ ಅಂಕ ಕಳೆದುಕೊಂಡವರನ್ನು ಕಂಡದ್ದು ಅಪರೂಪ. ಕೊಟ್ಟ ಸಂಖ್ಯೆ ಯಾರದು ಎಂದು ಕೇಳಿಕೊಳ್ಳದೆ ಸೂತ್ರದೊಳಕ್ಕೆ ತುಂಬಿದವರೇ ಹೆಚ್ಚು. ಅದು ಪಾತ್ರೆಯದೋ, ಪಾತ್ರೆಯೊಳಗಿನ ದ್ರವದ್ದೋ, ಒಂದು ಮೋಲ್ ಉಪ್ಪಿನದೋ? ಪದಾರ್ಥ ಎರಡರಷ್ಟಾದರೆ ಅದೂ ಎರಡರಷ್ಟಾಗುತ್ತದೆಯೋ, ಇದ್ದಂತೆಯೇ ಇರುತ್ತದೆಯೋ? ನಿನ್ನ ಎರಡೂ ಸಂಶಯಗಳು ಹೊರನೋಟಕ್ಕೆ ಬೇರೆ ಬೇರೆ, ಬೇರು ಮಾತ್ರ ಇದೇ.

ಮೊದಲು ವಾಹಕತೆ. ಕನ್ನಡದಲ್ಲಿ ನಾವೇ ಒಂದು ತೊಡಕು ಮಾಡಿಕೊಂಡಿದ್ದೇವೆ: ಕಂಡಕ್ಟೆನ್ಸ್, ಕಂಡಕ್ಟಿವಿಟಿ ಎರಡನ್ನೂ ಅನೇಕ ಕಡೆ ವಾಹಕತೆ ಎಂದೇ ಬರೆಯುತ್ತೇವೆ. ಇಲ್ಲಿ ನಾನು ವಾಹಕತೆ ಎಂದರೆ ಕಂಡಕ್ಟಿವಿಟಿ, ಅಂದರೆ ನಿನ್ನ ಪುಸ್ತಕದ ಕಪ್ಪಾ. ಪ್ರಯೋಗಾಲಯದಲ್ಲಿ ನಾವು ನಿಜವಾಗಿ ಅಳೆಯುವುದು ರೋಧವನ್ನು, ಓಮ್ ಲೆಕ್ಕದಲ್ಲಿ. ರೋಧ ಯಾರದು? ದ್ರವ ಮತ್ತು ಪಾತ್ರೆ ಇಬ್ಬರದೂ ಸೇರಿದ್ದು. ಅದೇ ಉಪ್ಪುನೀರನ್ನು ವಿದ್ಯುದ್ವಾರಗಳು ದೂರವಿರುವ ಇನ್ನೊಂದು ಪಾತ್ರೆಗೆ ಸುರಿದರೆ ರೋಧ ಬದಲಾಗುತ್ತದೆ, ಉಪ್ಪುನೀರು ಬದಲಾಗಿಲ್ಲ. ಕಂಡಕ್ಟೆನ್ಸ್ ಎಂಬುದು ರೋಧವನ್ನು ತಲೆಕೆಳಗು ಮಾಡಿದ್ದು, ಆದ್ದರಿಂದ ಅದೂ ಜಂಟಿ ಆಸ್ತಿಯೇ. ನಾವು ಓದುವ ಕಾಲದಲ್ಲಿ ಅದರ ಮಾನಕ್ಕೆ ಓಮ್ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿಸಿ ಮ್ಹೋ ಎನ್ನುತ್ತಿದ್ದರು. ಈಗ ಸೀಮೆನ್ಸ್ ಎನ್ನುತ್ತಾರೆ. ಮ್ಹೋ ನನಗೆ ಇಂದಿಗೂ ಇಷ್ಟ.

ಜಂಟಿ ಆಸ್ತಿಯಲ್ಲಿ ಪಾತ್ರೆಯ ಪಾಲನ್ನು ಬೇರೆ ಮಾಡುವುದಕ್ಕೆ ಇರುವುದೇ ಕೋಶ ಸ್ಥಿರಾಂಕ: ವಿದ್ಯುದ್ವಾರಗಳ ನಡುವಿನ ದೂರವನ್ನು ಅವುಗಳ ವಿಸ್ತೀರ್ಣದಿಂದ ಭಾಗಿಸಿದ್ದು. ಅದು ಪೂರ್ತಿ ಪಾತ್ರೆಯ ಸ್ವತ್ತು, ದ್ರವಕ್ಕೆ ಅದರಲ್ಲಿ ಹಕ್ಕಿಲ್ಲ. ಅಳತೆಪಟ್ಟಿ ಹಿಡಿದು ಅದನ್ನು ಅಳೆಯಲು ಯಾರೂ ಹೋಗುವುದಿಲ್ಲ. ವಾಹಕತೆ ಮೊದಲೇ ತಿಳಿದಿರುವ ದ್ರಾವಣವೊಂದನ್ನು ಸುರಿದು ಪಾತ್ರೆಯನ್ನು ಬಾಯಿಬಿಡಿಸುತ್ತೇವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 0.01 ಮೋಲಾರ್ (ಲೀಟರಿಗೆ 0.01 ಮೋಲ್) ಪೊಟ್ಯಾಸಿಯಂ ಕ್ಲೋರೈಡಿನ ವಾಹಕತೆ ಸೆಂಟಿಮೀಟರಿಗೆ 0.001413 ಸೀಮೆನ್ಸ್. ನಿನ್ನ ಪಾತ್ರೆಯಲ್ಲಿ ಅದರ ರೋಧ 500 ಓಮ್ ಬಂತು ಎಂದುಕೊ.

ಕೋಶ ಸ್ಥಿರಾಂಕ = ವಾಹಕತೆ × ರೋಧ = 0.001413 × 500 = 0.7065 (ಪ್ರತಿ ಸೆಂ.ಮೀ.)

ಈಗ ಪಾತ್ರೆ ತೊಳೆದು ಅದಕ್ಕೇ 0.005 ಮೋಲಾರ್ ಅಡುಗೆ ಉಪ್ಪಿನ ದ್ರಾವಣ ಸುರಿದೆ, ರೋಧ 1172 ಓಮ್ ಬಂತು. ಪಾತ್ರೆ ಬದಲಾಗಿಲ್ಲ, ಸ್ಥಿರಾಂಕ ಅದೇ.

ವಾಹಕತೆ = 0.7065 ÷ 1172 = 6.03 × 10⁻⁴ ಸೀಮೆನ್ಸ್ ಪ್ರತಿ ಸೆಂ.ಮೀ.

ಪರೀಕ್ಷೆಯಲ್ಲಿ ಎರಡು ದ್ರಾವಣ, ಎರಡು ರೋಧ ಕೊಟ್ಟು ಒಂದರ ವಾಹಕತೆ ಮಾತ್ರ ಕೊಟ್ಟಿದ್ದರೆ ಮಕ್ಕಳು ಗಾಬರಿಯಾಗುತ್ತಾರೆ. ಗಾಬರಿಗೆ ಕಾರಣವಿಲ್ಲ, ಮೊದಲನೆಯ ದ್ರಾವಣ ಬಂದಿರುವುದು ಪಾತ್ರೆಯ ಪರಿಚಯ ಮಾಡಿಕೊಡಲು, ಕೆಲಸ ಮುಗಿದ ಮೇಲೆ ಅದರ ಗೊಡವೆ ಬೇಡ.

ಇಲ್ಲಿಂದ ಮುಂದೆ ನಿನ್ನ ಸಾವಿರ ಪಟ್ಟಿನ ಕಥೆ. ಮೋಲಾರ್ ವಾಹಕತೆಗೆ ನೀನು ಬಾಯಿಪಾಠ ಮಾಡಿರುವ ಸೂತ್ರ "1000 ಗುಣಿಸು ಕಪ್ಪಾ, ಭಾಗಿಸು ಸಾರತೆ". ಆ 1000 ಎಲ್ಲಿಂದ ಬಂತು ಎಂದು ಯಾರಾದರೂ ಹೇಳಿದರೇ? ಒಂದು ವಿಚಿತ್ರ ತೊಟ್ಟಿಯನ್ನು ಕಲ್ಪಿಸಿಕೊ. ಎದುರುಬದುರು ಎರಡು ಲೋಹದ ಗೋಡೆಗಳು, ನಡುವೆ ಬರೀ 1 ಸೆಂಟಿಮೀಟರ್ ಸಂದು. ಗೋಡೆಗಳು ಎಷ್ಟು ಬೇಕಾದರೂ ಎತ್ತರ. ಇದಕ್ಕೆ ಒಂದು ಮೋಲ್ ಉಪ್ಪು ಇರುವಷ್ಟು ದ್ರಾವಣವನ್ನು ಸುರಿ. 1 ಮೋಲಾರ್ ದ್ರಾವಣವಾದರೆ 1 ಲೀಟರ್, ಅಂದರೆ 1000 ಘನ ಸೆಂಟಿಮೀಟರ್. ನಿನ್ನ 1000 ಇದೇ. ಸಂದು 1 ಸೆಂಟಿಮೀಟರ್ ಆದ್ದರಿಂದ ದ್ರವ ಗೋಡೆಯ 1000 ಚದರ ಸೆಂಟಿಮೀಟರನ್ನು ತೋಯಿಸುತ್ತದೆ. ಇಡೀ ತೊಟ್ಟಿಯ ಕಂಡಕ್ಟೆನ್ಸೇ ಮೋಲಾರ್ ವಾಹಕತೆ. ಅಂದರೆ ಒಂದು ಘನ ಸೆಂಟಿಮೀಟರಿನ ವಾಹಕತೆಯನ್ನು, ಒಂದು ಮೋಲ್ ಎಷ್ಟು ಘನ ಸೆಂಟಿಮೀಟರಿನಲ್ಲಿ ಹರಡಿದೆಯೋ ಅಷ್ಟರಿಂದ ಗುಣಿಸಿದರೆ ಮುಗಿಯಿತು. 0.005 ಮೋಲಾರ್ ದ್ರಾವಣದಲ್ಲಿ ಒಂದು ಮೋಲ್ ಇರುವುದು 200 ಲೀಟರಿನಲ್ಲಿ, 2,00,000 ಘನ ಸೆಂಟಿಮೀಟರಿನಲ್ಲಿ.

ಮೋಲಾರ್ ವಾಹಕತೆ = 6.03 × 10⁻⁴ × 2,00,000 = 120.6 ಸೀಮೆನ್ಸ್ ಚ.ಸೆಂ.ಮೀ. ಪ್ರತಿ ಮೋಲ್

ಪ್ರಶ್ನೆಪತ್ರಿಕೆ ಮೀಟರಿನಲ್ಲಿ ಕೇಳಿದರೂ ಇದೇ ದಾರಿ. ಸೆಂಟಿಮೀಟರಿಗೆ 6.03 × 10⁻⁴ ಎಂದರೆ ಮೀಟರಿಗೆ 0.0603. 200 ಲೀಟರ್ ಎಂದರೆ 0.2 ಘನ ಮೀಟರ್. ಗುಣಿಸಿದರೆ 0.01206 ಸೀಮೆನ್ಸ್ ಚದರ ಮೀಟರ್. ಒಂದು ಚದರ ಮೀಟರಿನಲ್ಲಿ 10,000 ಚದರ ಸೆಂಟಿಮೀಟರ್ ಇರುವುದರಿಂದ ಎರಡೂ ಒಂದೇ ಉತ್ತರ. ಎರಡು ಮಾನಗಳನ್ನು ಕಲಸುವವರಿಗೆ ಮಾತ್ರ ಉಳಿಗಾಲವಿಲ್ಲ: ಮೀಟರಿನ ವಾಹಕತೆ ತೆಗೆದುಕೊಂಡು ಲೀಟರಿನ ಸೂತ್ರಕ್ಕೆ ಹಾಕಿದರೆ 12,060 ಬರುತ್ತದೆ. ನಿನ್ನ ನೂರು ಪಟ್ಟು ಇದೇ ಇರಬೇಕು. ಉತ್ತರ ಬಂದ ಮೇಲೆ ಅದರ ಮುಖ ನೋಡುವ ಅಭ್ಯಾಸವಿದ್ದರೆ ಇದು ತಕ್ಷಣ ಸಿಕ್ಕಿಬೀಳುತ್ತದೆ. 25 ಡಿಗ್ರಿಯಲ್ಲಿ ಸೋಡಿಯಂ ಕ್ಲೋರೈಡಿನಂಥ ಸಾಮಾನ್ಯ ಉಪ್ಪುಗಳ ತೆಳು ದ್ರಾವಣದ ಮೋಲಾರ್ ವಾಹಕತೆ ಸೆಂಟಿಮೀಟರ್ ಮಾನದಲ್ಲಿ ಸುಮಾರು 90ರಿಂದ 150ರ ಆಸುಪಾಸು, ಹೈಡ್ರೋಕ್ಲೋರಿಕ್ ಆಮ್ಲದ್ದು 400 ದಾಟುತ್ತದೆ. ಹನ್ನೆರಡು ಸಾವಿರ ಎಂಬ ಉಪ್ಪು ಎಲ್ಲೂ ಇಲ್ಲ.

(ಆಮ್ಲಕ್ಕೆ ಆ ವೇಗ ಎಲ್ಲಿಂದ ಎಂದರೆ, ಹೈಡ್ರೋಜನ್ ಅಯಾನು ನೀರಿನಲ್ಲಿ ಉಳಿದವರಂತೆ ಈಜುವುದಿಲ್ಲ. ಒಂದು ನೀರಿನ ಅಣು ಪಕ್ಕದ ಅಣುವಿಗೆ ಪ್ರೋಟಾನ್ ದಾಟಿಸುತ್ತದೆ, ಅದು ಇನ್ನೊಂದಕ್ಕೆ. ಮನೆ ಕಟ್ಟುವಾಗ ಸಾಲಾಗಿ ನಿಂತವರು ಬಾಂಡಲಿಯನ್ನು ಕೈಯಿಂದ ಕೈಗೆ ದಾಟಿಸಿದಂತೆ: ಯಾರೂ ಓಡುವುದಿಲ್ಲ, ಕಾಂಕ್ರೀಟು ಮಾತ್ರ ಮೇಲೇರುತ್ತದೆ.)

ಈಗ ನಿನ್ನ ಮೊದಲ ಪ್ರಶ್ನೆಗೆ ಬರೋಣ. ಊಟದ ಹೊತ್ತಿಗೆ ನೆಂಟರು ಬಂದರೆಂದು ಸಾರಿಗೆ ನೀರು ಬೆರೆಸಿದರೆ ಏನಾಗುತ್ತದೆ? ಒಂದು ಸೌಟಿನಲ್ಲಿರುವ ಉಪ್ಪು ಕಡಿಮೆಯಾಗುತ್ತದೆ. ಪಾತ್ರೆಯಲ್ಲಿರುವ ಒಟ್ಟು ಉಪ್ಪು ಅಷ್ಟೇ ಇರುತ್ತದೆ. ವಾಹಕತೆ ಸೌಟಿನ ಮಾತು, ಮೋಲಾರ್ ವಾಹಕತೆ ಪಾತ್ರೆಯ ಮಾತು. ಸೌಟಿನ ರುಚಿ ಇಳಿಯುವುದಕ್ಕೂ ಪಾತ್ರೆಯ ಉಪ್ಪು ಇಳಿಯದಿರುವುದಕ್ಕೂ ಜಗಳವಿಲ್ಲ.

ಹೋಲಿಕೆ ಇಲ್ಲಿವರೆಗೆ ಮಾತ್ರ ನಡೆಯುತ್ತದೆ, ಏಕೆಂದರೆ ಮೋಲಾರ್ ವಾಹಕತೆ ಬರೀ ಇಳಿಯದೆ ಇರುವುದಲ್ಲ, ಏರುತ್ತದೆ. ಎಷ್ಟು ಏರುತ್ತದೆ ಎಂಬುದನ್ನು ಸಂಖ್ಯೆಯಲ್ಲೇ ನೋಡು. 25 ಡಿಗ್ರಿಯಲ್ಲಿ 0.1 ಮೋಲಾರ್ ಸೋಡಿಯಂ ಕ್ಲೋರೈಡಿನ ವಾಹಕತೆ 0.01067. ಹತ್ತು ಪಟ್ಟು ತೆಳುಮಾಡಿದರೆ, ಅಂದರೆ 0.01 ಮೋಲಾರ್ ಆದರೆ, 0.001185. ಭಾಗಿಸಿ ನೋಡು: ಉಪ್ಪು ಹತ್ತು ಪಟ್ಟು ಕಡಿಮೆಯಾಯಿತು, ವಾಹಕತೆ ಒಂಬತ್ತು ಪಟ್ಟು ಮಾತ್ರ ಇಳಿಯಿತು. ಉಳಿದ ಆ ಒಂದು ಪಟ್ಟಿನ ಉಳಿತಾಯವೇ ಮೋಲಾರ್ ವಾಹಕತೆಯ ಏರಿಕೆ: 106.7ರಿಂದ 118.5ಕ್ಕೆ. ಅಂದರೆ ವಾಹಕತೆಯ ಇಳಿಕೆ ಮತ್ತು ಮೋಲಾರ್ ವಾಹಕತೆಯ ಏರಿಕೆ ಒಂದಕ್ಕೊಂದು ವಿರುದ್ಧ ಘಟನೆಗಳೇ ಅಲ್ಲ. ಇಳಿಯಬೇಕಾದಷ್ಟು ಇಳಿಯಲಿಲ್ಲ ಎಂಬ ಒಂದೇ ಸುದ್ದಿಯನ್ನು ಎರಡು ಬಗೆಯಲ್ಲಿ ಹೇಳಿದ್ದು. ನನ್ನ ಮಟ್ಟಿಗೆ ಈ ಅಧ್ಯಾಯದಲ್ಲಿ ಇದಕ್ಕಿಂತ ಚೆಂದದ ಜಾಗ ಇಲ್ಲ, ಆದರೆ ಗೈಡುಗಳಲ್ಲಿ ಎರಡು ಬಾಣದ ಗುರುತು ಹಾಕಿ, ಒಂದು ಕೆಳಕ್ಕೆ ಒಂದು ಮೇಲಕ್ಕೆ, ಮುಂದಿನ ಪುಟಕ್ಕೆ ಹೋಗಿಬಿಡುತ್ತಾರೆ.

ಉಳಿತಾಯ ಏಕೆ ಆಯಿತು? ಜಾತ್ರೆಯ ದಿನ ತೇರುಬೀದಿಯಲ್ಲಿ ನಡೆದು ಗೊತ್ತಿದೆಯಲ್ಲ. ಜನ ಕಡಿಮೆಯಾದಂತೆ ಒಬ್ಬೊಬ್ಬರ ನಡಿಗೆ ಸಲೀಸು. ಸೋಡಿಯಂ ಅಯಾನಿನ ಸುತ್ತ ಕ್ಲೋರೈಡ್ ಅಯಾನುಗಳು ಮುತ್ತಿಕೊಂಡು ಹಿಂದಕ್ಕೆ ಎಳೆಯುತ್ತಿರುತ್ತವೆ. ನೀರು ಹೆಚ್ಚಾದಂತೆ ಆ ಎಳೆತ ಸಡಿಲವಾಗುತ್ತದೆ. ಪೂರ್ತಿ ಸಡಿಲವಾದಾಗ ಸಿಗುವ ಮೇರೆ ಸೋಡಿಯಂ ಕ್ಲೋರೈಡಿಗೆ 126.4. ಅಸಿಟಿಕ್ ಆಮ್ಲದ ಕಥೆ ಬೇರೆ. ಅಲ್ಲಿ 0.01 ಮೋಲಾರ್ ದ್ರಾವಣದಲ್ಲಿ ನೂರರಲ್ಲಿ ನಾಲ್ಕೈದು ಅಣುಗಳಷ್ಟೇ ಒಡೆದು ಅಯಾನುಗಳಾಗಿರುತ್ತವೆ, ಉಳಿದವರು ಮನೆಯಿಂದ ಹೊರಗೇ ಬಂದಿಲ್ಲ. ನೀರು ಬೆರೆಸಿದಂತೆ ಹೊಸಬರು ಹೊರಬರುತ್ತಾರೆ, ಹಾಗಾಗಿ ಏರಿಕೆ ಕಡಿದಾಗಿರುತ್ತದೆ. ಉಪ್ಪಿನಲ್ಲಿ ನಡಿಗೆ ಸಲೀಸಾಗುವುದು, ದುರ್ಬಲ ಆಮ್ಲದಲ್ಲಿ ತಲೆಗಳೇ ಹೆಚ್ಚುವುದು. "ಕಾರಣ ಕೊಡಿ" ಎಂಬ ಪ್ರಶ್ನೆಗೆ ಎರಡಕ್ಕೂ ಒಂದೇ ಕಾರಣ ಬರೆದರೆ ನಾನಂತೂ ಅಂಕ ಕೊಟ್ಟಿಲ್ಲ.

ದುರ್ಬಲ ಆಮ್ಲದ ಮೇರೆಯನ್ನು ನೇರವಾಗಿ ಅಳೆದು ಮುಟ್ಟಲಾಗದು, ಸಾರತೆಗೆ ಎದುರಾಗಿ ಬರೆದ ಗ್ರಾಫನ್ನು ಸೊನ್ನೆಯತ್ತ ಹಿಂದಕ್ಕೆ ಎಳೆದರೆ ಅದು ಆಕಾಶಕ್ಕೆ ಹೋಗುತ್ತದೆ. ಜರ್ಮನಿಯ ಫ್ರೀಡ್ರಿಶ್ ಕೋಲ್‌ರಾಶ್ 1870ರ ದಶಕದಲ್ಲಿ ಕಂಡುಕೊಂಡದ್ದು ಇಲ್ಲಿ ನೆರವಿಗೆ ಬರುತ್ತದೆ: ಅನಂತವಾಗಿ ತೆಳುವಾದ ದ್ರಾವಣದಲ್ಲಿ ಪ್ರತಿ ಅಯಾನೂ ತನ್ನ ಜೋಡಿ ಯಾರೆಂದು ನೋಡದೆ ತನ್ನ ಪಾಲಿನ ವಾಹಕತೆಯನ್ನು ಕೊಡುತ್ತದೆ. ದ್ರಾವಣಗಳ ರೋಧಕ್ಕೆ ಪರ್ಯಾಯ ವಿದ್ಯುತ್ತನ್ನು ಬಳಸುವ ರೂಢಿಯನ್ನು ಗಟ್ಟಿಮಾಡಿದವರೂ ಅವರೇ, ನೇರ ವಿದ್ಯುತ್ ಹರಿಸಿದರೆ ಅಳೆಯುತ್ತಿರುವಾಗಲೇ ದ್ರಾವಣ ವಿಭಜನೆಯಾಗಿಬಿಡುತ್ತದೆ. ರೋಧ ಅಳೆಯುವ ಆಗಿನ ಸೇತುವೆ (ಬ್ರಿಜ್) ಉಪಕರಣದಲ್ಲಿ ಟೆಲಿಫೋನ್ ರಿಸೀವರನ್ನು ಕಿವಿಗಿಟ್ಟುಕೊಂಡು ಸದ್ದು ಅಡಗುವ ಬಿಂದುವನ್ನು ಹುಡುಕುತ್ತಿದ್ದರು. ಹಾಗೆ ಕಿವಿಯಿಂದ ಹೆಕ್ಕಿದ ನಿಯಮದಿಂದ:

ಅಸಿಟಿಕ್ ಆಮ್ಲದ ಮೇರೆ = ಹೈಡ್ರೋಕ್ಲೋರಿಕ್ ಆಮ್ಲ + ಸೋಡಿಯಂ ಅಸಿಟೇಟ್ − ಸೋಡಿಯಂ ಕ್ಲೋರೈಡ್ = 425.9 + 91.0 − 126.4 = 390.5

0.01 ಮೋಲಾರ್ ಅಸಿಟಿಕ್ ಆಮ್ಲದ ವಾಹಕತೆ 1.62 × 10⁻⁴ ಎಂದು ಕೊಟ್ಟಿದ್ದರೆ, ಒಂದು ಮೋಲ್ ಹರಡಿರುವುದು 1,00,000 ಘನ ಸೆಂಟಿಮೀಟರಿನಲ್ಲಿ, ಮೋಲಾರ್ ವಾಹಕತೆ 16.2. ಒಡೆದ ಅಣುಗಳ ಪಾಲು 16.2 ÷ 390.5 = 0.0415. ವಿಯೋಜನ ಸ್ಥಿರಾಂಕ 0.01 × 0.0415² ÷ (1 − 0.0415), ಅಂದರೆ 1.8 × 10⁻⁵. ಈ ಪಾಲು ಎಂದೂ ಒಂದನ್ನು ಮೀರಬಾರದು. 4.15 ಎಂದು ಬಂದರೂ ಅಂಜದೆ ವರ್ಗ ಮಾಡಿ, ಛೇದದಲ್ಲಿ ಋಣ ಸಂಖ್ಯೆ ಬಂದಾಗ ಅದರ ಚಿಹ್ನೆಯನ್ನು ಗುಟ್ಟಾಗಿ ಅಳಿಸಿ ಮುಂದೆ ಹೋದವರ ಉತ್ತರಪತ್ರಿಕೆಗಳನ್ನು ನಾನು ತಿದ್ದಿದ್ದೇನೆ.

ನೀರು ಶುದ್ಧೀಕರಿಸುವ ಯಂತ್ರದ ಸರ್ವೀಸಿಗೆ ಬಂದವರು ಲೋಟದಲ್ಲಿ ಅದ್ದಿ ತೋರಿಸುವ ಟಿಡಿಎಸ್ ಮೀಟರ್ ಕೂಡ ಇದೇ ಸಂಸಾರದ್ದು. ಅದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂದು ತೂಗುವುದಿಲ್ಲ; ಅಳೆಯುವುದು ವಾಹಕತೆಯನ್ನು, ಆಮೇಲೆ ಸುಮಾರು ಅರ್ಧ ಅಥವಾ ಅದಕ್ಕಿಂತ ತುಸು ಹೆಚ್ಚಿನ ಒಂದು ಗುಣಕದಿಂದ ಗುಣಿಸಿ ತೋರಿಸುತ್ತದೆ. ಪರೀಕ್ಷಿಸಿ ನೋಡಬಹುದು: 0.001 ಮೋಲಾರ್ ಸೋಡಿಯಂ ಕ್ಲೋರೈಡಿನಲ್ಲಿ ಲೀಟರಿಗೆ 58.4 ಮಿಲಿಗ್ರಾಂ ಉಪ್ಪಿದೆ, ವಾಹಕತೆ 123.7 ಮೈಕ್ರೋಸೀಮೆನ್ಸ್. ಗುಣಕ 0.47. ನೀರಿನಲ್ಲಿ ಕರಗಿರುವ ಸಕ್ಕರೆ ಆ ಮೀಟರಿಗೆ ಕಾಣುವುದೇ ಇಲ್ಲ.

ಇನ್ನು ಕೋಶ ವಿಭವ. ನಿಮ್ಮ ಕಡೆ ಅಡಿಕೆ ತೋಟದವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದನ್ನು ನೋಡಿರುತ್ತೀಯ. 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣ ಸಾಕಾಯಿತೇ ಎಂದು ನೋಡಲು ಹಿರಿಯರು ಉಜ್ಜಿದ ಕತ್ತಿಯನ್ನೋ ಕಬ್ಬಿಣದ ಮೊಳೆಯನ್ನೋ ಅದ್ದುತ್ತಾರೆ. ಅದರ ಮೇಲೆ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಆ ಕೆಂಪು ತಾಮ್ರ. ಕಬ್ಬಿಣದ ಅಪಕರ್ಷಣ ವಿಭವ (ಅಯಾನು ಎಲೆಕ್ಟ್ರಾನ್ ಪಡೆದು ಲೋಹವಾಗುವ ಒಲವಿನ ಅಳತೆ) −0.44 ವೋಲ್ಟ್, ತಾಮ್ರದ್ದು +0.34. ತಾಮ್ರದ ಅಯಾನು ಎಲೆಕ್ಟ್ರಾನ್ ಕಸಿದುಕೊಳ್ಳುತ್ತದೆ, ಕಬ್ಬಿಣ ಕೊಡುತ್ತದೆ. ಕಸಿದುಕೊಳ್ಳುವ ಕಡೆ ಕ್ಯಾಥೋಡ್, ಕೊಡುವ ಕಡೆ ಆನೋಡ್.

ಕೋಶ ವಿಭವ = ಕ್ಯಾಥೋಡ್ − ಆನೋಡ್ = 0.34 − (−0.44) = 0.78 ವೋಲ್ಟ್

ಎರಡೂ ಸಂಖ್ಯೆಗಳನ್ನು ಕೋಷ್ಟಕದಲ್ಲಿ ಇದ್ದಂತೆಯೇ, ಅಪಕರ್ಷಣ ವಿಭವವಾಗಿಯೇ ಇಟ್ಟುಕೊ. ಆನೋಡಿನ ಸಮೀಕರಣ ತಿರುಗಿಸಿದ್ದಕ್ಕೆ ಲೆಕ್ಕವನ್ನು ಆ ಕಳೆಯುವ ಚಿಹ್ನೆಯೇ ಚುಕ್ತಾ ಮಾಡಿಬಿಟ್ಟಿದೆ. −0.44ನ್ನು ಮೊದಲು +0.44 ಮಾಡಿ, ಆಮೇಲೆ ಮತ್ತೆ ಕಳೆಯುವವರಿಗೆ −0.10 ಬರುತ್ತದೆ. ಅವರ ಪ್ರಕಾರ ಮೊಳೆ ಕೆಂಪಾಗಬಾರದು, ಆದರೆ ಹಂಡೆಯಲ್ಲಿ ಅದ್ದಿದ ಮೊಳೆ ಕೆಂಪಾಗಿ ಕೂತಿದೆ.

0.78 ಎಂಬುದು ಯಾರದು? ಒಂದು ಮೊಳೆ ಅದ್ದಿದರೂ 0.78, ಒಂದು ಬುಟ್ಟಿ ಮೊಳೆ ಅದ್ದಿದರೂ 0.78. ಮಲೆನಾಡಿನ ಎಷ್ಟೋ ಮನೆಗಳಿಗೆ ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ಇಳಿದು ಬರುತ್ತದಲ್ಲ. ಒಂದು ಪೈಪಿನ ಜೊತೆಗೆ ಇನ್ನೊಂದು ಎಳೆದರೆ ನೀರು ಎರಡರಷ್ಟು ಬರುತ್ತದೆ, ಗುಡ್ಡ ಎರಡರಷ್ಟು ಎತ್ತರವಾಗುವುದಿಲ್ಲ. ವಿಭವ ಗುಡ್ಡದ ಎತ್ತರ. ಎತ್ತರವನ್ನು ಇಳಿದ ನೀರಿನ ಪ್ರಮಾಣದಿಂದ ಗುಣಿಸಿದಾಗ ಸಿಗುವುದು ಕೆಲಸ. ನಿನ್ನ ಪುಸ್ತಕದಲ್ಲಿ ಅದು ಗಿಬ್ಸ್ ಶಕ್ತಿಯ ಬದಲಾವಣೆ: ಎಲೆಕ್ಟ್ರಾನ್ ಸಂಖ್ಯೆ × 96,500 (ಒಂದು ಮೋಲ್ ಎಲೆಕ್ಟ್ರಾನಿನ ಆವೇಶ, ಕೂಲಂಬ್ ಲೆಕ್ಕದಲ್ಲಿ) × ವಿಭವ, ಮುಂದೆ ಋಣ ಚಿಹ್ನೆ. ಕಬ್ಬಿಣ ಮತ್ತು ತಾಮ್ರಕ್ಕೆ −2 × 96,500 × 0.78, ಅಂದರೆ −150.5 ಕಿಲೋಜೂಲ್. ಸಮೀಕರಣವನ್ನು ಎರಡರಿಂದ ಗುಣಿಸಿದರೆ ಈ ಕೆಲಸ ಎರಡರಷ್ಟಾಗುತ್ತದೆ, ಎತ್ತರ ಆಗುವುದಿಲ್ಲ. ಬೆಳ್ಳಿಯ 0.80 ಗುಣಿಸಲು ಒಪ್ಪದಿರುವುದು ಇದಕ್ಕೇ.

ಹಾಗಾದರೆ ನರ್ನ್‌ಸ್ಟ್ ಸಮೀಕರಣದ ವರ್ಗ? ತಾಮ್ರದ ಆನೋಡ್, ಬೆಳ್ಳಿಯ ಕ್ಯಾಥೋಡ್ ಇರುವ ಕೋಶ ತೆಗೆದುಕೊ. ಪ್ರಮಾಣಿತ ವಿಭವ (ಅಯಾನುಗಳೆಲ್ಲ 1 ಮೋಲಾರ್ ಇದ್ದಾಗಿನದು) 0.80 − 0.34 = 0.46. ತಾಮ್ರದ ಅಯಾನು 0.1 ಮೋಲಾರ್, ಬೆಳ್ಳಿಯದು 0.001 ಮೋಲಾರ್. ಒಂದು ತಾಮ್ರ, ಎರಡು ಬೆಳ್ಳಿ ಅಯಾನು, ಎಲೆಕ್ಟ್ರಾನ್ ಎರಡು:

ವಿಭವ = 0.46 − (0.059 ÷ 2) × ಲಾಗ್ (0.1 ÷ 0.001²) = 0.46 − 0.0295 × 5 = 0.3125 ವೋಲ್ಟ್

ವರ್ಗ ಮರೆತವರಿಗೆ ಲಾಗ್ 5 ಬರುವ ಕಡೆ 2 ಬರುತ್ತದೆ, ಉತ್ತರ 0.401. ಈಗ ಒಂದು ಆಟ ಆಡೋಣ. ಸಮೀಕರಣವನ್ನು ಅರ್ಧ ಮಾಡು: ಅರ್ಧ ತಾಮ್ರ, ಒಂದು ಬೆಳ್ಳಿ, ಎಲೆಕ್ಟ್ರಾನ್ ಒಂದು. ಈಗ ಬೆಳ್ಳಿಗೆ ವರ್ಗವಿಲ್ಲ, ಆದರೆ ತಾಮ್ರಕ್ಕೆ ವರ್ಗಮೂಲ ಬಂತು, 0.059ನ್ನು ಭಾಗಿಸುವುದು ಈಗ 1.

ವಿಭವ = 0.46 − 0.059 × ಲಾಗ್ (0.316 ÷ 0.001) = 0.46 − 0.059 × 2.5 = 0.3125 ವೋಲ್ಟ್

ಅದೇ ಉತ್ತರ. ಲಾಗ್‌ನ ಒಳಗೆ ಘಾತ ಎರಡರಷ್ಟಾದರೆ ಹೊರಗೆ ಭಾಜಕವೂ ಎರಡರಷ್ಟಾಗಿ ಅದನ್ನು ಹೊಡೆದುಹಾಕುತ್ತದೆ. ಅಂದರೆ ವರ್ಗ ಮಾಡುವುದು ವಿಭವವನ್ನು ದೊಡ್ಡದು ಮಾಡಲು ಅಲ್ಲ, ನೀನು ಸಮೀಕರಣವನ್ನು ಹೇಗೆ ಬರೆದರೂ ವಿಭವ ಬದಲಾಗದಂತೆ ಕಾಯಲು. ನಿನಗೆ ಎರಡು ನ್ಯಾಯವಾಗಿ ಕಂಡದ್ದು ಒಂದೇ ನ್ಯಾಯ. ಭಾಜಕದಲ್ಲಿ 2 ಇಟ್ಟು ಒಳಗೆ ವರ್ಗ ಬಿಟ್ಟರೆ ಮಾತ್ರ ಅನ್ಯಾಯ.

ಚಿಹ್ನೆಯ ಬಗ್ಗೆ ಅನುಮಾನ ಬಂದರೆ ಕೋಶದ ಮನಸ್ಸನ್ನು ಊಹಿಸು. ಇಲ್ಲಿ ಖರ್ಚಾಗಬೇಕಾದ ಬೆಳ್ಳಿಯ ಅಯಾನು ತೀರಾ ಕಡಿಮೆ ಇದೆ, ಹುಟ್ಟಬೇಕಾದ ತಾಮ್ರದ ಅಯಾನು ಆಗಲೇ ಸಾಕಷ್ಟಿದೆ. ಮುಂದುವರಿಯಲು ಉತ್ಸಾಹ ಕಡಿಮೆಯೇ ಇರಬೇಕು, ಆದ್ದರಿಂದ ವಿಭವ 0.46ಕ್ಕಿಂತ ಕೆಳಗೆ ಬರಬೇಕು. ಮೇಲೆ ಬಂದಿದ್ದರೆ ಅಂಶ ಛೇದ ಅದಲುಬದಲಾಗಿವೆ. ಮನೆಯ ಇನ್ವರ್ಟರ್ ಬ್ಯಾಟರಿ ಖಾಲಿಯಾಗುತ್ತ ಬಂದಂತೆ ವೋಲ್ಟೇಜ್ ಇಳಿಯುವುದರಲ್ಲೂ ಇದರ ಪಾಲಿದೆ, ಅಲ್ಲಿ ಖರ್ಚಾಗುತ್ತಿರುವುದು ಗಂಧಕಾಮ್ಲ.

ಎತ್ತರ ಮತ್ತು ಕೆಲಸದ ಈ ಭೇದ ನಿನ್ನ ತಲೆಯಲ್ಲಿ ನೆಲೆಯಾಗಿದೆಯೇ ಎಂದು ನೋಡಲು ಪ್ರವೇಶ ಪರೀಕ್ಷೆಯವರು ಇಟ್ಟಿರುವ ಬಲೆ ಒಂದಿದೆ. ಮೂರು ಆವೇಶದ ಕಬ್ಬಿಣ ಎರಡು ಆವೇಶದ್ದಾಗಲು +0.77 ವೋಲ್ಟ್, ಎರಡು ಆವೇಶದ ಕಬ್ಬಿಣ ಲೋಹವಾಗಲು −0.44. ಮೂರು ಆವೇಶದ್ದು ನೇರ ಲೋಹವಾಗಲು ಎಷ್ಟು? ಕೂಡಿಸಿ 0.33 ಎನ್ನುವವರೇ ಹೆಚ್ಚು. ಎತ್ತರಗಳನ್ನು ಹಾಗೆ ಕೂಡಿಸುವಂತಿಲ್ಲ, ಮೊದಲ ಹೆಜ್ಜೆಯಲ್ಲಿ ಒಂದು ಎಲೆಕ್ಟ್ರಾನ್, ಎರಡನೆಯದರಲ್ಲಿ ಎರಡು. ಕೆಲಸವನ್ನು ಕೂಡಿಸಬೇಕು. ಒಂದು ಎಲೆಕ್ಟ್ರಾನ್ 0.77 ಗಳಿಸಿತು, ಎರಡು ಎಲೆಕ್ಟ್ರಾನುಗಳು ತಲಾ 0.44ರಂತೆ 0.88 ಕಳೆದವು. ಒಟ್ಟು −0.11. ಅದನ್ನು ಮೂವರಿಗೆ ಹಂಚಿದರೆ ತಲಾ −0.037 ವೋಲ್ಟ್. ಚಿಹ್ನೆಯೇ ಬದಲಾಯಿತು ನೋಡು.

ಇಲ್ಲಿ ನೀನು ತಕರಾರು ತೆಗೆಯಬೇಕು: ಹಾಗಾದರೆ ಕೋಶ ವಿಭವದಲ್ಲಿ 0.34ರಿಂದ −0.44ನ್ನು ನೇರವಾಗಿ ಕಳೆದದ್ದು ಸರಿಯೇ? ಸರಿ. ಕೋಶದಲ್ಲಿ ಆನೋಡ್ ಬಿಟ್ಟುಕೊಟ್ಟ ಎಲೆಕ್ಟ್ರಾನುಗಳನ್ನೇ ಕ್ಯಾಥೋಡ್ ತೆಗೆದುಕೊಳ್ಳುವುದು, ಸಂಖ್ಯೆ ಎರಡೂ ಕಡೆ ಒಂದೇ. ಕೆಲಸಗಳನ್ನು ಕೂಡಿಸಿ ಆ ಸಂಖ್ಯೆಯಿಂದ ಭಾಗಿಸಿದರೆ ಅದು ಪೂರ್ತಿ ಹೊಡೆದುಹೋಗುತ್ತದೆ, ಎತ್ತರಗಳ ವ್ಯತ್ಯಾಸ ಉಳಿಯುತ್ತದೆ. ಕಬ್ಬಿಣದ ಒಗಟಿನಲ್ಲಿ ಉತ್ತರ ಒಂದು ಅರ್ಧಕೋಶ, ಅಲ್ಲಿ ಎಲೆಕ್ಟ್ರಾನ್ ಸಂಖ್ಯೆಗಳು ಒಂದು, ಎರಡು, ಮೂರು, ಯಾವುದೂ ಹೊಡೆದುಹೋಗುವುದಿಲ್ಲ.

ಸಮತೋಲನ ಸ್ಥಿರಾಂಕದ ಲೆಕ್ಕ ಸುಲಭ, ಬೇಗ ಮುಗಿಸುತ್ತೇನೆ: ಸಮತೋಲನದಲ್ಲಿ ಕೋಶ ಸತ್ತಿರುತ್ತದೆ, ವಿಭವ ಸೊನ್ನೆ. ಆದ್ದರಿಂದ ಸ್ಥಿರಾಂಕದ ಲಾಗ್ ಎಂದರೆ ಎಲೆಕ್ಟ್ರಾನ್ ಸಂಖ್ಯೆ × ಪ್ರಮಾಣಿತ ವಿಭವ ÷ 0.059. ಕಬ್ಬಿಣ ಮತ್ತು ತಾಮ್ರಕ್ಕೆ 1.56 ÷ 0.059 = 26.4. ಸೊನ್ನೆಯಾಗುವುದು ಕೋಶ ವಿಭವ, ಪ್ರಮಾಣಿತ ವಿಭವ ಅಲ್ಲ. ಪ್ರಮಾಣಿತ ವಿಭವ ಕೋಷ್ಟಕದಲ್ಲಿ ಅಚ್ಚಾದ ಸಂಖ್ಯೆ, ಕೋಶ ಸತ್ತರೂ ಅದು ಬದಲಾಗದು.

ಕೊನೆಗೆ ನಿನಗೊಂದು ಲೆಕ್ಕ. ಇದರಲ್ಲಿ ವಾಹಕತೆಯೂ ವಿಭವವೂ ಒಂದೇ ಮನೆಯ ಬಾಗಿಲು ತಟ್ಟುತ್ತವೆ. ಬೆಳ್ಳಿಯ ಕ್ಲೋರೈಡ್ ನೀರಿನಲ್ಲಿ ಕರಗುವುದಿಲ್ಲ ಎನ್ನುತ್ತೇವೆ, ನಿಜವಾಗಿ ತೀರಾ ತುಸು ಕರಗುತ್ತದೆ. ಎಷ್ಟು? 25 ಡಿಗ್ರಿಯಲ್ಲಿ ಅದರ ಸಂತೃಪ್ತ ದ್ರಾವಣದ ವಾಹಕತೆ 3.04 × 10⁻⁶ ಎಂದೂ ಬಳಸಿದ ನೀರಿನದು 1.20 × 10⁻⁶ ಎಂದೂ ಇಟ್ಟುಕೊ. ಮೇಲಿನ ಸಂಖ್ಯೆ ಯಾರದು? ಉಪ್ಪು ಮತ್ತು ನೀರು ಇಬ್ಬರದು. ನೀರಿನ ಪಾಲು ಕಳೆದರೆ ಉಪ್ಪಿನದು 1.84 × 10⁻⁶. ಇಷ್ಟು ತೆಳುವಾದ ದ್ರಾವಣದಲ್ಲಿ ಮೋಲಾರ್ ವಾಹಕತೆ ಮೇರೆಯಲ್ಲೇ ಇದೆ ಎಂದು ಹಿಡಿಯಬಹುದು: ಬೆಳ್ಳಿ 61.9, ಕ್ಲೋರೈಡ್ 76.3, ಒಟ್ಟು 138.2. ಸಾರತೆ = 1000 × 1.84 × 10⁻⁶ ÷ 138.2 = 1.33 × 10⁻⁵ ಮೋಲಾರ್.

ಈಗ ಇನ್ನೊಂದು ಬಾಗಿಲಿನಿಂದ ಬಾ. ಬೆಳ್ಳಿಯ ಅಯಾನು ಬೆಳ್ಳಿಯಾಗುವ ವಿಭವ 0.799. ಬೆಳ್ಳಿಯ ಕ್ಲೋರೈಡ್ ಬೆಳ್ಳಿಯೂ ಕ್ಲೋರೈಡೂ ಆಗುವ ವಿಭವ 0.222. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದು ಬೆಳ್ಳಿಯ ಕ್ಲೋರೈಡ್ ಕರಗುವ ಕ್ರಿಯೆ, ವಿಭವ −0.577, ಎಲೆಕ್ಟ್ರಾನ್ ಒಂದು. ವಿಲೇಯತಾ ಗುಣಲಬ್ಧದ (ಕರಗಿದ ಎರಡೂ ಅಯಾನುಗಳ ಸಾರತೆಗಳನ್ನು ಗುಣಿಸಿದ್ದು) ಲಾಗ್ = −0.577 ÷ 0.0591 = −9.76, ಗುಣಲಬ್ಧ 1.7 × 10⁻¹⁰. ವರ್ಗಮೂಲ 1.3 × 10⁻⁵.

ಒಂದು ಕಡೆ ಓಮ್, ಇನ್ನೊಂದು ಕಡೆ ವೋಲ್ಟ್, ಉತ್ತರ ಒಂದೇ. ನೀನು ಮಾಡಬೇಕಾದ್ದು ಇಷ್ಟು: ಮೊದಲ ದಾರಿಯಲ್ಲಿ ನೀರಿನ ಪಾಲನ್ನು ಕಳೆಯದೆ 3.04ನ್ನೇ ಇಟ್ಟು ಲೆಕ್ಕವನ್ನು ಇನ್ನೊಮ್ಮೆ ಮಾಡು. ಬಂದ ಸಾರತೆಯಿಂದ ಗುಣಲಬ್ಧ ಕಂಡುಹಿಡಿದು, ಅದಕ್ಕೆ −0.577ರ ಬದಲು ಎಷ್ಟು ವೋಲ್ಟ್ ಇರಬೇಕಾಗಿತ್ತು ಎಂದು ಬರೆದು ಕಳಿಸು.